ಸಾಲೆಗೆ ಹೋಗಲು ಅಂಜುವ ಮಗು



ಎತ್ತು ಮೇವು ಬಿಟ್ಟರೆ ನಿಮಗೆ ಅದೇ ಸಂಜೆ ತಿಳಿಯುತ್ತದೆ. ಕಿವಿ ಮುಟ್ಟಿ ನೋಡುತ್ತೀರಿ, ಗೊರಸು ಎತ್ತಿ ನೋಡುತ್ತೀರಿ, ಹೆಗಲ ಮೇಲೆ ಹುಣ್ಣಾಗಿದೆಯೋ ಎಂದು ಕೈಯಾಡಿಸುತ್ತೀರಿ, ಮರುದಿನ ದನದ ದವಾಖಾನೆಗೆ ಹೊಡೆದುಕೊಂಡು ಹೋಗುತ್ತೀರಿ. ಮಾತು ಬಾರದ ಪ್ರಾಣಿಯ ಸಂಕಟವನ್ನು ಇಷ್ಟು ಚೆನ್ನಾಗಿ ತಿಳಿಯಬಲ್ಲ ನಾವು, ಮಾತು ಬಲ್ಲ ಮಗನು ಮುಂಜಾನೆ ಎದ್ದು "ಹೊಟ್ಟಿ ನೂಸ್ತೈತಿ, ಇವತ್ತ ಸಾಲಿಗೆ ಹೋಗೂದಿಲ್ಲ" ಎಂದರೆ ಮಾತ್ರ ಮೈಗಳ್ಳನೆಂದು ಬೈದು ಚೀಲ ಹೆಗಲಿಗೇರಿಸಿ ಕಳಿಸಿಬಿಡುತ್ತೇವೆ. ಈ ಹೊಟ್ಟೆನೋವು ರವಿವಾರ ಬರುವದಿಲ್ಲ, ಸೂಟಿಯಲ್ಲಿ ಬರುವದಿಲ್ಲ. ಹಾಗಿದ್ದ ಮೇಲೆ ಅದರ ಕಾರಣ ಹೊಟ್ಟೆಯಲ್ಲಿ ಇರಲಾರದು. ಸಾಲೆಯಲ್ಲಿಯೋ ಸಾಲೆಯ ಹಾದಿಯಲ್ಲಿಯೋ ಇರಬೇಕು. ಅದನ್ನು ಹುಡುಕುವದು ಹೇಗೆ, ಹುಡುಕಿದ ಮೇಲೆ ಮಾಡುವದೇನು ಎಂಬುದೇ ಈ ಸಲದ ಪಾಠ.

2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಕಮರಿಪೇಟೆ ಪೊಲೀಸ್ ಠಾಣೆಯ ಹದ್ದಿನಲ್ಲಿ ನಡೆದ ಸಂಗತಿ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಆಗ ಬೇಸಿಗೆಯ ಸೂಟಿ. ಹುಡುಗರು ಆಡುತ್ತಿದ್ದಾಗ ಜಗಳ ಹುಟ್ಟಿತು. ಆರನೆಯ ತರಗತಿಯ ಹುಡುಗನೊಬ್ಬ ಮನೆಯಿಂದ ಚಾಕು ತಂದು ತನಗಿಂತ ದೊಡ್ಡವನಾದ ಹುಡುಗನಿಗೆ ಇರಿದನು. ಇರಿತಕ್ಕೊಳಗಾದವನು ಬದುಕಲಿಲ್ಲ. ಆ ಮಕ್ಕಳ ಹೆಸರನ್ನು ಇಲ್ಲಿ ಬರೆಯುವದಿಲ್ಲ. ಬರೆಯಬಾರದೆಂದು ಕಾಯ್ದೆಯೂ ಇದೆ. ಬೆಂಗೇರಿಯವರಿಗೆ ಕಮರಿಪೇಟೆ ಪರಊರಲ್ಲ, ಅದೇ ಹುಬ್ಬಳ್ಳಿಯ ಇನ್ನೊಂದು ಮಗ್ಗಲು. ಸುದ್ದಿ ಬಂದ ದಿನ ಸಂತೆಯಲ್ಲಿ, ಚಹದ ಅಂಗಡಿಯಲ್ಲಿ ಜನ "ಕಾಲ ಕೆಟ್ಟಿತು" ಎಂದು ಮಾತಾಡಿದ್ದಿರಬೇಕು. ಕಾಲವನ್ನು ಬೈಯುವದರಲ್ಲಿ ಒಂದು ಸುಖವಿದೆ, ಯಾರ ಮೇಲೂ ಹೊಣೆ ಬೀಳುವದಿಲ್ಲ. ಆ ಹುಡುಗನ ವಿಚಾರಣೆ ನಡೆಸಲು ಬಾಲ ನ್ಯಾಯ ಮಂಡಳಿ ಇದೆ, ಅದರ ಕೆಲಸ ಅದು ಮಾಡುತ್ತದೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಹನ್ನೆರಡು ಹದಿಮೂರು ವಯಸ್ಸಿನ ಹುಡುಗನಿಗೆ ಸಿಟ್ಟು ಬಂದಾಗ ಚಾಕುವಿನ ಕಡೆಗೆ ಓಡುವದು ಗೊತ್ತಿದೆ, ಹಿರಿಯರ ಕಡೆಗೆ ಓಡುವದು ಗೊತ್ತಿಲ್ಲ ಎಂದರೆ, ನಮ್ಮ ಓಣಿಗಳಲ್ಲಿ ಹಿರಿಯರು ಎಲ್ಲಿಗೆ ಹೋದರು?

ಮೊದಲು ಒಂದು ಭೇದವನ್ನು ತಿಳಿದುಕೊಳ್ಳಬೇಕು. ಮಕ್ಕಳು ಜಗಳಾಡುವದು ಹೊಸದಲ್ಲ. ಸರಿಸಮನಾದ ಇಬ್ಬರು ಗೋಲಿಯ ಸಲುವಾಗಿ ಕೈ ಕೈ ಹಿಡಿದರು, ಇಬ್ಬರಿಗೂ ಒಂದೊಂದು ಪೆಟ್ಟು ಬಿತ್ತು, ಸಂಜೆ ಮತ್ತೆ ಕೂಡಿ ಆಡಿದರು, ಇದು ಜಗಳ. ಇದರಲ್ಲಿ ದೊಡ್ಡವರು ಬಹಳ ಕೈ ಹಾಕದಿದ್ದರೇ ಲೇಸು. ಆದರೆ ಬಲವುಳ್ಳವನು, ಅಥವಾ ನಾಲ್ವರು ಕೂಡಿ, ಬಲವಿಲ್ಲದ ಒಬ್ಬನನ್ನೇ ಗುರುತು ಮಾಡಿಕೊಂಡು ದಿನಾಲು ಬೇಕೆಂದೇ ಪೀಡಿಸಿದರೆ ಅದು ಜಗಳವಲ್ಲ, ಕಾಟ. ಬುತ್ತಿ ಕಸಿದುಕೊಳ್ಳುವದು, ಪಾಟೀಚೀಲವನ್ನು ಗಟಾರಕ್ಕೆ ಎಸೆಯುವದು, ಅಡ್ಡ ಹೆಸರು ಇಟ್ಟು ಎಲ್ಲರ ಮುಂದೆ ಕರೆಯುವದು, ಆಟಕ್ಕೆ ಸೇರಿಸದೆ ಇರುವದು, "ಹೇಳಿದರ ನೋಡ ಮತ್ತ" ಎಂದು ಅಂಜಿಸುವದು ಇವೆಲ್ಲ ಕಾಟದ ರೂಪಗಳೇ. ಹುಡುಗಿಯರಲ್ಲಿ ಇದು ಅನೇಕ ಸಲ ಕೈಯಿಂದ ನಡೆಯುವದಿಲ್ಲ. ನಾಲ್ಕು ದಿನ ಯಾರೂ ಒಬ್ಬಳ ಸಂಗಡ ಮಾತಾಡಬಾರದು ಎಂದು ಗೊತ್ತುಮಾಡಿಕೊಂಡರೆ ಸಾಕು, ಆ ಹುಡುಗಿ ಅನ್ನ ಬಿಡುತ್ತಾಳೆ. ಮೈಮೇಲೆ ಬಾಸುಂಡೆ ಇಲ್ಲವಾದದ್ದರಿಂದ ತಾಯಿಗೂ ತಿಳಿಯುವದಿಲ್ಲ.

ಈ ಭೇದವನ್ನು ಶಾಸ್ತ್ರೀಯವಾಗಿ ಹೇಳಿದವರು ನಾರ್ವೆ ದೇಶದಲ್ಲಿ ಕೆಲಸ ಮಾಡಿದ ಡಾನ್ ಓಲ್ವೇಯಸ್ ಎಂಬ ವಿದ್ವಾಂಸರು. 1982ರ ಕೊನೆಗೆ ಆ ದೇಶದ ಉತ್ತರ ಭಾಗದಲ್ಲಿ ಮೂವರು ಹುಡುಗರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಜೊತೆಯ ಹುಡುಗರ ಕಾಟವೇ ಅದಕ್ಕೆ ಕಾರಣವಿರಬೇಕೆಂದು ಕಂಡುಬಂತು. ಇಡೀ ದೇಶ ಬೆಚ್ಚಿತು. 1983ರಲ್ಲಿ ಸರಕಾರವು ಎಲ್ಲ ಸಾಲೆಗಳಲ್ಲಿ ಕಾಟದ ವಿರುದ್ಧ ಚಳವಳಿ ಹೂಡಿತು. ಬರ್ಗೆನ್ ಪಟ್ಟಣದ 42 ಸಾಲೆಗಳಲ್ಲಿ ಸುಮಾರು 2,500 ಮಕ್ಕಳನ್ನು ಓಲ್ವೇಯಸ್ ಅವರು ಎರಡು ವರ್ಷಗಳವರೆಗೆ ಗಮನಿಸಿದರು. ಕಾಟವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನಾರ್ವೆ ಶ್ರೀಮಂತ ದೇಶ, ಅವರ ಮಾತು ನಮಗೇಕೆ ಎನ್ನಬೇಡಿರಿ. ಅವರು ಮಾಡಿದ ಕೆಲಸದಲ್ಲಿ ರೊಕ್ಕದ ಕೆಲಸ ಕಡಿಮೆ. ವಿರಾಮದ ಹೊತ್ತಿಗೆ ಶಿಕ್ಷಕರು ಕೋಣೆಯಲ್ಲಿ ಕೂಡದೆ ಅಂಗಳದಲ್ಲಿ ನಿಂತರು. ತರಗತಿಯ ಮಕ್ಕಳ ಸಂಗಡ ಕೂಡಿ ಕೆಲವು ನಿಯಮಗಳನ್ನು ಮಾಡಿದರು. ಪಾಲಕರನ್ನು ಕರೆದು ಮಾತಾಡಿದರು. ನಮ್ಮ ಯಾವ ಹಳ್ಳಿಯ ಸಾಲೆಯಲ್ಲಿ ಇದು ಆಗದ ಕೆಲಸ?

ಇನ್ನು ಜಗತ್ತಿನ ಲೆಕ್ಕ ಹೇಳುವದಾದರೆ, ಹಿಂದಿನ ಒಂದು ತಿಂಗಳಲ್ಲಿ ಜೊತೆಯವರ ಕಾಟಕ್ಕೆ ಗುರಿಯಾದವರು ಹೆಚ್ಚುಕಡಿಮೆ ಮೂವರು ವಿದ್ಯಾರ್ಥಿಗಳಲ್ಲಿ ಒಬ್ಬರೆಂದು ಯುನೆಸ್ಕೋ ಸಂಸ್ಥೆಯು 2019ರ ವರದಿಯಲ್ಲಿ ಹೇಳಿತು. ನವೆಂಬರ ತಿಂಗಳ ಮೊದಲ ಗುರುವಾರವನ್ನು ಇದಕ್ಕಾಗಿಯೇ ಒಂದು ದಿನವೆಂದು 2020ರಿಂದ ಆಚರಿಸುತ್ತಾರೆ. ದಿನಾಚರಣೆಯಿಂದ ಆಗುವದು ಅಷ್ಟರಲ್ಲೇ ಇದೆ, ಇರಲಿ.

ಒಬ್ಬ ಹುಡುಗನು ಮತ್ತೊಬ್ಬನಿಗೆ ಕಾಟ ಏಕೆ ಕೊಡುತ್ತಾನೆ? ಹಾಯುವ ಎತ್ತನ್ನು ಸಾಕಿದವರಿಗೆ ಇದರ ಉತ್ತರ ಅರ್ಧ ಗೊತ್ತಿದೆ. ಎತ್ತು ಹುಟ್ಟುತ್ತಲೇ ಹಾಯುವದಿಲ್ಲ. ಯಾರೋ ಅದಕ್ಕೆ ಬಾರುಕೋಲಿನಿಂದ ಸುಮ್ಮಸುಮ್ಮನೆ ಬಾರಿಸಿರುತ್ತಾರೆ, ಇಲ್ಲವೆ ಒಮ್ಮೆ ಹಾಯ್ದಾಗ ಎದುರಿನವರು ಓಡಿದ್ದನ್ನು ನೋಡಿ ಅದಕ್ಕೆ ಅದೇ ರೂಢಿಯಾಗಿರುತ್ತದೆ. ಹುಡುಗರಲ್ಲಿಯೂ ಈ ಎರಡು ಬಗೆಯವರಿದ್ದಾರೆ. ಮನೆಯಲ್ಲಿ ಕುಡಿದು ಬಂದ ತಂದೆಯಿಂದ ಪೆಟ್ಟು ತಿನ್ನುವವನು ಆ ಪೆಟ್ಟನ್ನು ಸಾಲೆಗೆ ಹೊತ್ತುಕೊಂಡು ಬಂದು ತನಗಿಂತ ಸಣ್ಣವನ ಮೇಲೆ ಇಳಿಸುತ್ತಾನೆ. ಎರಡನೆಯವನಿಗೆ ಮನೆಯಲ್ಲಿ ಏನೂ ಕೊರತೆಯಿಲ್ಲ. "ನಮ್ಮ ಹುಡುಗ ಯಾರಿಗೂ ಬಗ್ಗೂದಿಲ್ಲ" ಎಂದು ತಂದೆ ಕಟ್ಟೆಯ ಮೇಲೆ ಕೂತು ಹೆಮ್ಮೆಯಿಂದ ಹೇಳುವದನ್ನು ಅವನು ಕೇಳಿಸಿಕೊಂಡಿರುತ್ತಾನೆ, ಅಷ್ಟೇ. ಸುತ್ತ ನಿಂತು ನಗುವವರು ಇಬ್ಬರಿಗೂ ಬೇಕು. ಫಿನ್ಲಂಡ್ ದೇಶದ ಕ್ರಿಸ್ಟೀನಾ ಸಾಲ್ಮಿವಲ್ಲಿ ಎಂಬ ಪ್ರಾಧ್ಯಾಪಕಿಯವರು ಈ ಸುತ್ತ ನಿಂತವರ ಮೇಲೆಯೇ ಲಕ್ಷ್ಯವಿಟ್ಟು ಅಭ್ಯಾಸ ಮಾಡಿದರು. ಕಾಟ ಕೊಡುವವನು ಒಬ್ಬನೇ ಇದ್ದರೂ ಅವನಿಗೆ ಕೈಗೂಡುವವರು, ನಕ್ಕು ಹುರುಪು ಕೊಡುವವರು, ನೋಡಿಯೂ ನೋಡದಂತೆ ಹೋಗುವವರು, ಪೀಡಿತನ ಪರವಾಗಿ ನಿಲ್ಲುವವರು ಹೀಗೆ ತರಗತಿಯೆಲ್ಲ ಅದರಲ್ಲಿ ಪಾಲುಗೊಂಡಿರುತ್ತದೆಂದು ತೋರಿಸಿದರು. ಆದುದರಿಂದ ಕಾಟ ಕೊಡುವವನನ್ನು ತಿದ್ದುವದು ಕಠಿಣವಾದರೂ ನಗುವವರ ನಗೆಯನ್ನು ನಿಲ್ಲಿಸುವದು ಅಷ್ಟು ಕಠಿಣವಲ್ಲ. ನೋಡುವವರಿಲ್ಲದೆ ಬಯಲಾಟ ಎಷ್ಟು ಹೊತ್ತು ನಡೆದೀತು?

ಒಂದು ಕಹಿ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಬಿಸಿಯೂಟದ ಸಾಲಿನಲ್ಲಿ "ಅವನ ಮಗ್ಗಲಿಗೆ ಕೂಡಬ್ಯಾಡ" ಎಂಬ ಮಾತು, ನಲ್ಲಿಯ ಹತ್ತಿರ "ನೀ ಆಮ್ಯಾಲೆ ಕುಡಿ" ಎಂಬ ಮಾತು, ಜಾತಿಯ ಹೆಸರನ್ನೇ ಬೈಗಳಾಗಿ ಮಾಡಿದ ಮಾತು ಇವನ್ನು ಏಳು ವರ್ಷದ ಮಗು ತಾನಾಗಿ ಹುಟ್ಟಿಸಲಾರದು. ಅದು ಮನೆಯ ಪಡಸಾಲೆಯಲ್ಲಿ ಕಲಿತ ಪಾಠ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿಯು ತೆಗೆದುಹಾಕಿತು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ ಕಾಯ್ದೆ 1989ರಲ್ಲಿ ಬಂತು. ಆದರೆ ತಟ್ಟೆ ಎಳೆದುಕೊಂಡು ದೂರ ಸರಿಯುವ ಮಗುವಿನ ಕೈಯನ್ನು ಹಿಡಿಯಬೇಕಾದವರು ತಾಯಿತಂದೆಗಳೇ. ಕಾಲು ಸೊಟ್ಟ ಇದ್ದವನನ್ನು, ತೊದಲುವವನನ್ನು, ಬಣ್ಣ ಕಪ್ಪಾದವಳನ್ನು, ತಂದೆ ಸಾಲದ ಸಲುವಾಗಿ ಜೀವ ಕಳೆದುಕೊಂಡ ಮನೆಯ ಮಗುವನ್ನು ಕುರಿತು ಆಡುವ ಮಾತಿಗೂ ಇದೇ ಹೇಳಬೇಕು. ಹೊರಗಿನಿಂದ ಕೂಲಿಗೆ ಬಂದವರ ಮಕ್ಕಳಿಗೆ ಭಾಷೆಯ ಸಲುವಾಗಿ ಕಾಟ. ಹಳ್ಳಿಯಿಂದ ಬಸ್ಸು ಹತ್ತಿ ಹುಬ್ಬಳ್ಳಿಯ ಹೈಸ್ಕೂಲಿಗೆ ಹೋಗುವ ನಮ್ಮವೇ ಮಕ್ಕಳಿಗೆ "ಹಳ್ಳಿ ಗುಗ್ಗು" ಎಂಬ ಬಿರುದು. ಆ ನೋವು ನಮಗೆ ಗೊತ್ತಿದ್ದ ಮೇಲೆ ನಮ್ಮ ಊರಲ್ಲಿ ಇನ್ನೊಬ್ಬರಿಗೆ ಅದನ್ನು ಹೇಗೆ ಕೊಡುತ್ತೇವೆ?

ಈಗ ಕೆಲಸದ ಮಾತಿಗೆ ಬರೋಣ. ಕಾಟ ತಿನ್ನುವ ಮಗು ತಾನಾಗಿ ಹೇಳುವದು ಬಹಳ ಕಡಿಮೆ. ಹೇಳಿದರೆ ಇನ್ನಷ್ಟು ಹೊಡೆದಾರೆಂಬ ಅಂಜಿಕೆ ಒಂದು, "ನೀ ಏನ ಮಾಡಿದ್ದಿ ಮೊದಲ?" ಎಂದು ಮನೆಯಲ್ಲಿಯೇ ಬೈದಾರೆಂಬ ಅಂಜಿಕೆ ಇನ್ನೊಂದು. ಅದಕ್ಕಾಗಿ ಲಕ್ಷಣಗಳನ್ನು ನೋಡಬೇಕು. ಪಟ್ಟಿ, ಪೆನ್ನು ಪದೇ ಪದೇ ಕಳೆಯುತ್ತವೆ, ಅಂಗಿಯ ಗುಂಡಿ ಹರಿದಿರುತ್ತದೆ, ಬುತ್ತಿ ಒಯ್ದರೂ ಹಸಿದು ಬರುತ್ತಾನೆ, ಹತ್ತಿರದ ಹಾದಿ ಬಿಟ್ಟು ಸುತ್ತುಬಳಸಿ ಬರುತ್ತಾನೆ, ಮನೆಯಲ್ಲಿ ಚಿಲ್ಲರೆ ರೊಕ್ಕ ಕಾಣದಂತಾಗುತ್ತದೆ, ಚೆನ್ನಾಗಿ ಓದುತ್ತಿದ್ದವನು ಹಿಂದೆ ಬೀಳುತ್ತಾನೆ, ರಾತ್ರಿ ಕನವರಿಸುತ್ತಾನೆ. ಇವುಗಳಲ್ಲಿ ಒಂದನ್ನು ಕಂಡ ಕೂಡಲೆ ಗಾಬರಿಯಾಗಬೇಕಿಲ್ಲ, ಎರಡು ಮೂರು ಕೂಡಿ ಬಂದರೆ ಬಿಡಬಾರದು.

ಕೇಳುವ ರೀತಿ ಮುಖ್ಯ. "ಯಾರರ ಹೊಡಿತಾರೇನು?" ಎಂದು ನೆಟ್ಟಗೆ ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ. ದನ ಮೇಯಿಸುವಾಗಲೋ, ಶೇಂಗಾ ಸುಲಿಯುವಾಗಲೋ, ಕೈಗೆ ಕೆಲಸವಿದ್ದು ಮುಖ ಮುಖ ನೋಡದ ಹೊತ್ತಿನಲ್ಲಿ "ಇವತ್ತ ಊಟಕ್ಕ ಯಾರ ಜೋಡಿ ಕುಂತಿದ್ದಿ? ಸೂಟಿ ಬಿಟ್ಟಾಗ ಏನ ಆಡಿದ್ರಿ? ಬಸ್ಸಿನಾಗ ಎಲ್ಲಿ ಕೂಡತಿ?" ಎಂದು ಕೇಳಿರಿ. ಯಾರ ಜೋಡಿಯೂ ಕೂತಿಲ್ಲ, ಏನೂ ಆಡಿಲ್ಲ ಎಂದು ನಾಲ್ಕು ದಿನ ಅದೇ ಉತ್ತರ ಬಂದರೆ ನಿಮಗೆ ತಿಳಿಯಬೇಕಾದದ್ದು ತಿಳಿಯಿತು. ಮಗು ಹೇಳತೊಡಗಿದರೆ ನಡುವೆ ಬಾಯಿ ಹಾಕಬೇಡಿರಿ. ಹೇಳಿ ಮುಗಿಸಿದ ಮೇಲೆ "ಹೇಳಿದ್ದು ಛಲೋ ಮಾಡಿದಿ, ಇದರಾಗ ನಿಂದೇನೂ ತಪ್ಪಿಲ್ಲ" ಎಂಬ ಎರಡು ಮಾತು ಸಾಕು.

"ನೀನೂ ತಿರುಗಿಸಿ ಕೊಡು" ಎಂದು ಕಲಿಸುವ ತಂದೆಗಳು ಬಹಳ. ಆ ಬುದ್ಧಿಮಾತು ಸರಿಸಮನಾದವರ ಜಗಳದಲ್ಲಿ ನಡೆದೀತು, ಕಾಟದಲ್ಲಿ ನಡೆಯದು. ನಾಲ್ವರೆದುರು ಒಬ್ಬ ಸಣ್ಣ ಹುಡುಗ ಬರಿಗೈಯಿಂದ ಹೇಗೆ ತಿರುಗಿಸಿ ಕೊಡಬೇಕು? ಮರುದಿನ ಅವನು ಚೀಲದಲ್ಲಿ ಕಲ್ಲು ಒಯ್ಯುತ್ತಾನೆ, ಅದರ ಮರುದಿನ ಕುಡಗೋಲು. ಕಾಟ ತಿಂದು ತಿಂದು ಬೇಸತ್ತವನೇ ಒಂದು ದಿನ ಎಲ್ಲರಿಗಿಂತ ದೊಡ್ಡ ಅಪಾಯ ಮಾಡಿಬಿಡುವ ಸಂಭವವುಂಟು. ರೈತರ ಮನೆಯಲ್ಲಿ ಕುಡಗೋಲು, ಕೊಡಲಿ, ಕೀಟನಾಶಕದ ಡಬ್ಬಿ ಇವು ಇರುವವೇ. ಅವನ್ನು ಕೈಗೆಟುಕುವ ಗೂಟಕ್ಕೆ ತೂಗುಹಾಕದೆ, ಮೂಲೆಯಲ್ಲಿಡದೆ, ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿರಿ. ಕೀಟನಾಶಕದ ಮಾತನ್ನು ವಿಶೇಷವಾಗಿ ಹೇಳುತ್ತೇವೆ. ನೊಂದ ಮಗು ಕೆಲವು ಸಲ ಪರರ ಮೇಲೆ ಕೈ ಎತ್ತುವದಿಲ್ಲ, ತನ್ನ ಮೇಲೆಯೇ ಎತ್ತಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಡಬ್ಬಿ ಕೈಗೆ ಸಿಕ್ಕದಿದ್ದರೆ ಎಷ್ಟೋ ಸಲ ಆ ಗಳಿಗೆ ದಾಟಿಹೋಗುತ್ತದೆ.

ಇನ್ನೊಂದು ರೂಢಿ, ಮಗನ ಮಾತು ಕೇಳಿದ ಕೂಡಲೆ ಎದುರಿನವರ ಮನೆಗೆ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಹೋಗುವದು. ಹುಡುಗರ ಜಗಳ ಹಿರಿಯರ ಜಗಳವಾಗಿ, ಹೊಲದ ಬದುವಿನ ಹಳೆಯ ಹಗೆಯೂ ಅದಕ್ಕೆ ಕೂಡಿ, ಕೊನೆಗೆ ಹುಡುಗರು ರಾಜಿಯಾಗಿ ಕೂಡಿ ಆಡುತ್ತಿರುವಾಗ ಹಿರಿಯರು ಕೋರ್ಟಿಗೆ ಅಲೆಯುತ್ತಿರುತ್ತಾರೆ. ಮೊದಲು ತರಗತಿಯ ಶಿಕ್ಷಕರ ಹತ್ತಿರ ಹೋಗಿರಿ. ಸಾಲೆ ಬಿಟ್ಟ ಮೇಲೆ, ಮಕ್ಕಳು ನೋಡದಂತೆ ಹೋಗಿರಿ. ಯಾವ ದಿನ, ಯಾವ ಜಾಗ, ಯಾರು ಇದ್ದರು, ಏನಾಯಿತು ಎಂದು ಒಂದು ಹಾಳೆಯ ಮೇಲೆ ಬರೆದು ಒಯ್ದರೆ ಮಾತಿಗೆ ತೂಕ ಬರುತ್ತದೆ. ಬರೆಯಲು ಬಾರದಿದ್ದರೆ ಓದಿದವರಿಂದ ಬರೆಯಿಸಿರಿ. ಕಾಟ ಕೊಡುವವನನ್ನೂ ತಿಂದವನನ್ನೂ ಎದುರುಬದುರು ನಿಲ್ಲಿಸಿ "ಕೈ ಕುಲುಕ್ರಿ, ಮುಗೀತು" ಎನ್ನುವ ಪದ್ಧತಿ ಬೇಡವೆಂದು ಶಿಕ್ಷಕರಿಗೆ ಕೈಮುಗಿದು ಹೇಳಬಹುದು. ಅಲ್ಲಿ ಕೈ ಕುಲುಕಿದವನು ಗೇಟಿನ ಹೊರಗೆ ಅದೇ ಕೈಯಿಂದ ಹೊಡೆಯುತ್ತಾನೆ. ಇಬ್ಬರ ಸಂಗಡವೂ ಬೇರೆ ಬೇರೆ ಮಾತಾಡಬೇಕು, ಒಂದು ವಾರ ಬಿಟ್ಟು ಮತ್ತೆ ಮಾತಾಡಬೇಕು. ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಸಿದ್ಧವಾಗುವದನ್ನು ಬಲ್ಲವರಿಗೆ ಗೊತ್ತು: ನೂಲು, ನೆಯ್ಗೆ, ಬಣ್ಣ, ಅಳತೆ, ಹೊಲಿಗೆ ಪ್ರತಿಯೊಂದರಲ್ಲಿಯೂ ತಪಾಸಣೆ ಇದೆ. ಮಕ್ಕಳ ಸಂಗತಿಯಲ್ಲಿ ಒಂದೇ ಸಲ ಮಾತಾಡಿ ಕೈ ತೊಳೆದುಕೊಳ್ಳುತ್ತೇವಲ್ಲ!

ಶಿಕ್ಷಕರಿಂದ ಆಗದಿದ್ದರೆ ಸಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌.ಡಿ.ಎಂ.ಸಿ. ಇದೆ. ನಮ್ಮ ರಾಜ್ಯದಲ್ಲಿ ಇದು 2001ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಆದರೆ ಅನೇಕ ಊರುಗಳಲ್ಲಿ ಸಮಿತಿಯ ಸಭೆಯೆಂದರೆ ಕಾಂಪೌಂಡು, ಬಣ್ಣ, ಬೆಂಚು ಇವುಗಳ ಲೆಕ್ಕವೇ. ಹೆಣ್ಣುಮಕ್ಕಳ ಸಹಿ ಮನೆಗೆ ಹೋಗಿ ತರುತ್ತಾರೆ. ಕಾಟದ ಮಾತು ಎತ್ತಬೇಕಾದ ಜಾಗ ಇದೇ, ಎತ್ತಬೇಕಾದವರು ಆ ಹೆಣ್ಣುಮಕ್ಕಳೇ. ಮಗು ಅನ್ನ ಬಿಟ್ಟದ್ದನ್ನು ಮೊದಲು ಕಂಡವರು ಅವರು. ರಾಜ್ಯ ಸರಕಾರವು 2016ರಲ್ಲಿ ಮಕ್ಕಳ ರಕ್ಷಣಾ ನೀತಿಯನ್ನು ಹೊರಡಿಸಿದೆ. ನಿಮ್ಮ ಸಾಲೆಯಲ್ಲಿ ಅದರಂತೆ ರಕ್ಷಣಾ ಸಮಿತಿ ಇದೆಯೋ, ಮಕ್ಕಳು ಚೀಟಿ ಹಾಕುವ ಪೆಟ್ಟಿಗೆ ಇದೆಯೋ, ಇದ್ದರೆ ಅದನ್ನು ಯಾರು ಯಾವಾಗ ತೆರೆಯುತ್ತಾರೆ ಎಂದು ಕೇಳಿರಿ. ತುಕ್ಕು ಹಿಡಿದ ಕೀಲಿಯೇ ಅದರ ಉತ್ತರವನ್ನು ಹೇಳೀತು. ಗ್ರಾಮ ಪಂಚಾಯಿತಿಯವರು ನಡೆಸುವ ಮಕ್ಕಳ ಗ್ರಾಮಸಭೆಯೂ ಒಂದಿದೆ. ಅಲ್ಲಿ ಮಕ್ಕಳೇ ಎದ್ದು ಮಾತಾಡಬಹುದು.

ಕಾಯ್ದೆಯ ಮಾತನ್ನು ಚಿಕ್ಕದಾಗಿ ಹೇಳುತ್ತೇವೆ. ರ‍್ಯಾಗಿಂಗ್ ಎಂಬುದು ಕಾಲೇಜಿನ ಮಾತೆಂದು ತಿಳಿಯಬೇಡಿರಿ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿಯೇ ಅದನ್ನು ನಿಷೇಧಿಸಿದೆ. ಶಿಕ್ಷಕರು ಮಕ್ಕಳನ್ನು ಹೊಡೆಯುವದನ್ನೂ ಮನಸ್ಸು ನೋಯುವಂತೆ ಹಿಂಸಿಸುವದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ. ಮೈಮೇಲೆ ಕೆಟ್ಟ ರೀತಿಯಿಂದ ಕೈ ಹಾಕುವ ಸಂಗತಿಯಿದ್ದರೆ ಅದು 2012ರ ಪೋಕ್ಸೊ ಕಾಯ್ದೆಯ ಕೆಳಗೆ ಬರುತ್ತದೆ. ಅದನ್ನು ಊರ ಪಂಚರು ಮುಚ್ಚಿಹಾಕುವಂತಿಲ್ಲ, ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಹದಿನೆಂಟು ವಯಸ್ಸಿನೊಳಗಿನವರು ಅಪರಾಧ ಮಾಡಿದರೆ 2015ರ ಬಾಲ ನ್ಯಾಯ ಕಾಯ್ದೆಯಂತೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸುತ್ತಾರೆ. ಅವರನ್ನು ತಿದ್ದಿ ಬಾಳಿಗೆ ಹಚ್ಚುವದು ಆ ಕಾಯ್ದೆಯ ಉದ್ದೇಶ.

"ಮಾಸ್ತರ, ಚರ್ಮ ನಿಮ್ಮದು, ಎಲುಬು ನಮ್ಮದು" ಎಂದು ಹೇಳಿ ಮಗನನ್ನು ಸಾಲೆಗೆ ಒಪ್ಪಿಸುವ ಮಾತು ಹಳೆಯದು. ಅದನ್ನು ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಬಿಟ್ಟುಬಿಡಬೇಕಾದ ಮಾತು. 2022ರ ಡಿಸೆಂಬರಿನಲ್ಲಿ ಗದಗ ಜಿಲ್ಲೆಯ ನರಗುಂದ ತಾಲೂಕಿನ ಹದ್ಲಿ ಗ್ರಾಮದ ಸಾಲೆಯಲ್ಲಿ ಅತಿಥಿ ಶಿಕ್ಷಕನೊಬ್ಬನ ಹಲ್ಲೆಯಿಂದ ನಾಲ್ಕನೆಯ ತರಗತಿಯ ಹುಡುಗನು ಸತ್ತನೆಂಬ ಸುದ್ದಿ ಬಂದಾಗ ಸುತ್ತಲಿನ ಊರುಗಳ ತಾಯಂದಿರು ಎಷ್ಟು ದಿನ ಮಕ್ಕಳನ್ನು ಸಾಲೆಗೆ ಕಳಿಸಲು ಅಂಜಿರಬೇಕು! ದೊಡ್ಡವರು ಪೆಟ್ಟಿನಿಂದಲೇ ಕೆಲಸ ಸಾಧಿಸುವದನ್ನು ನೋಡಿದ ಮಗು ತಾನೂ ಅದೇ ಉಪಾಯವನ್ನು ಹಿಡಿಯುತ್ತದೆ.

ನಿಮ್ಮ ಮಗನೇ ಕಾಟ ಕೊಡುವವನೆಂದು ಯಾರಾದರೂ ಹೇಳಿಬಂದರೆ? ಇದು ಕೇಳಲು ಕಷ್ಟದ ಮಾತು. "ನಮ್ಮ ಹುಡುಗ ಹಂಗಲ್ಲ" ಎಂಬುದು ಬಾಯಿಗೆ ತಾನಾಗಿ ಬರುತ್ತದೆ. ಹೇಳಿಬಂದವರನ್ನು ಕೂಡ್ರಿಸಿ ಚಹ ಕೊಟ್ಟು ಪೂರ್ತಿ ಕೇಳಿರಿ. ಆಮೇಲೆ ಮಗನನ್ನು ಬಡಿಯಬೇಡಿರಿ. ಬಡಿದರೆ ನಾಳೆ ಹೇಳಿದವನ ಮೇಲೆ ಆ ಪೆಟ್ಟಿನ ಸೇಡು ತೀರುತ್ತದೆ. ಕಸಿದುಕೊಂಡದ್ದನ್ನು ಅವನ ಕೈಯಿಂದಲೇ ತಿರುಗಿ ಕೊಡಿಸಿರಿ, ಹರಿದ ಪುಸ್ತಕವಿದ್ದರೆ ಅವನ ಆಟದ ಹೊತ್ತಿನಲ್ಲಿ ಕೂಡ್ರಿಸಿ ನಕಲು ಮಾಡಿಸಿರಿ. ದಿನಾಲು ಅವನಿಗೆ ಒಂದು ಜವಾಬ್ದಾರಿಯ ಕೆಲಸ ವಹಿಸಿರಿ, ಕರುವಿಗೆ ನೀರು ಕುಡಿಸುವದಾದರೂ ಆದೀತು. ಬಲವಿದ್ದವನಿಗೆ ಬಲಕ್ಕೆ ತಕ್ಕ ಕೆಲಸ ಬೇಕು. ಕುಸ್ತಿ, ಕಬಡ್ಡಿ, ಖೊಖೊ ಇವೆಲ್ಲ ನಮ್ಮಲ್ಲಿ ಸುಮ್ಮನೆ ಹುಟ್ಟಿದವಲ್ಲ.

ಮೊಬೈಲಿನ ಮಾತು ಉಳಿದಿದೆ. ಮೊದಲು ಕಾಟವು ಸಾಲೆಯ ಗಂಟೆಯೊಂದಿಗೆ ಮುಗಿಯುತ್ತಿತ್ತು. ಈಗ ಹೊಡೆದದ್ದನ್ನು ಚಿತ್ರಿಸಿ ವಾಟ್ಸಾಪಿನಲ್ಲಿ ಹರಿಬಿಡುತ್ತಾರೆ, ರಾತ್ರಿ ಹತ್ತಕ್ಕೆ ಹಾಸಿಗೆಯಲ್ಲಿಯೂ ಅದು ಬೆನ್ನು ಬಿಡುವದಿಲ್ಲ. ಅಂಥ ಚಿತ್ರ ನಿಮ್ಮ ಮೊಬೈಲಿಗೆ ಬಂದರೆ ಮುಂದೆ ಕಳಿಸಬೇಡಿರಿ. "ನೋಡ್ರಿ ಎಂಥಾ ಅನ್ಯಾಯ" ಎಂದು ಬರೆದು ಕಳಿಸಿದರೂ ಆ ಮಗುವಿನ ಮಾನ ಇನ್ನೊಂದು ಊರಿಗೆ ಹೋದಂತೆಯೇ. ಸಾಕ್ಷಿಗೆಂದು ಒಂದನ್ನು ಉಳಿಸಿಕೊಂಡು ಮುಖ್ಯ ಶಿಕ್ಷಕರಿಗೆ, ಅಗತ್ಯ ಬಿದ್ದರೆ ಪೊಲೀಸರಿಗೆ ತೋರಿಸಿರಿ.

ಆಪತ್ತಿನಲ್ಲಿರುವ ಮಕ್ಕಳಿಗೆ 1098 ಎಂಬ ಸಹಾಯವಾಣಿ ಇದೆ, ಹಗಲು ರಾತ್ರಿ ಯಾವಾಗಲಾದರೂ ಹಣವಿಲ್ಲದೆ ಕರೆ ಮಾಡಬಹುದು, ಮಗುವೇ ಮಾಡಬಹುದು. ತುರ್ತಿಗೆ 112. ಮನಸ್ಸು ಬಹಳ ನೊಂದಿದ್ದರೆ, ಸಾಯುವ ಮಾತು ಆಡಿದರೆ, ಟೆಲಿ ಮಾನಸ್ ಎಂಬ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಮ್ಮ ಮನೆಬಾಗಿಲಲ್ಲೇ ಇದೆ. ಅಲ್ಲಿಗೆ ಹೋದರೆ "ಹುಚ್ಚ" ಎಂದಾರೆಂದು ಅಂಜಿ ಮಗುವನ್ನು ಮನೆಯಲ್ಲಿ ಕೂಡ್ರಿಸಬೇಡಿರಿ.

ಮುಂದಿನ ಎಸ್‌.ಡಿ.ಎಂ.ಸಿ. ಸಭೆಗೆ ಹೋಗುವ ಮೊದಲು ಒಂದು ಕೆಲಸ ಮಾಡಿ ನೋಡಿರಿ. ಮಗನಿಗೋ ಮಗಳಿಗೋ ಒಂದು ಹಾಳೆ ಕೊಟ್ಟು ಮನೆಯಿಂದ ಸಾಲೆಯವರೆಗಿನ ಹಾದಿ, ಬಸ್ ನಿಲ್ದಾಣ, ಸಾಲೆಯ ಅಂಗಳ, ನಲ್ಲಿ, ಸಂಡಾಸ, ಊಟದ ಜಾಗ ಇವುಗಳ ಚಿತ್ರ ತೆಗೆಯಲು ಹೇಳಿರಿ. ಅಂಜಿಕೆ ಬರುವ ಜಾಗಕ್ಕೆ ಕೆಂಪು ಚುಕ್ಕೆ ಇಡಲಿ. ಹತ್ತು ಮಕ್ಕಳ ಹಾಳೆಗಳನ್ನು ಕೂಡಿಸಿ ಇಟ್ಟರೆ ಚುಕ್ಕೆಗಳು ಎರಡು ಮೂರು ಜಾಗದಲ್ಲಿಯೇ ಗುಂಪಾಗಿ ಬೀಳುತ್ತವೆ: ಬಹುಶಃ ಸಂಡಾಸದ ಹಿಂದೆ, ಬಸ್ಸಿನ ಹಿಂದಿನ ಸೀಟಿನಲ್ಲಿ, ಹಳ್ಳದ ತಿರುವಿನಲ್ಲಿ. ಆ ಜಾಗಗಳಲ್ಲಿ ಯಾವ ಹೊತ್ತಿಗೆ ಯಾರು ನಿಲ್ಲಬೇಕೆಂದು ಸಭೆಯಲ್ಲಿ ಹೆಸರು ಹಿಡಿದು ಬರೆಯಿಸಿರಿ. ವಿರಾಮದಲ್ಲಿ ಒಬ್ಬ ಶಿಕ್ಷಕರು, ಸಂಜೆ ಹಳ್ಳದ ತಿರುವಿನಲ್ಲಿ ಆ ಕಡೆಯ ಹೊಲದವರು ಪಾಳಿಯಂತೆ. ನಡಾವಳಿಯ ಪುಸ್ತಕದಲ್ಲಿ ಅದು ದಾಖಲಾಗಲಿ, ಹಾಳೆಗಳನ್ನು ಮುಖ್ಯ ಶಿಕ್ಷಕರ ಕಪಾಟಿನಲ್ಲಿ ಇಡಲಿ, ದೀಪಾವಳಿಯ ಸೂಟಿ ಮುಗಿದ ಮೇಲೆ ಮಕ್ಕಳಿಂದ ಮತ್ತೊಮ್ಮೆ ಚುಕ್ಕೆ ಇಡಿಸಿ ನೋಡಿರಿ.